ಬೆಳ್ಳಗಾದ ಕೊಡೆ

ಅಪ್ಪನ ಕೊಡೆ ಬೆಳ್ಳಗಾಗಿತ್ತು.

ನಾಗಶ್ರೀ ಹೈಪೋ ದ್ರಾವಣದ ತಟ್ಟೆಯಿಂದ ಫೋಟೋವನ್ನು ಇಕ್ಕಳದಲ್ಲಿ ಎತ್ತಿ, ಡಾರ್ಕ್‌ರೂಮಿನ ಕೆಂಪು ದೀಪ ಆರಿಸಿ, ದೊಡ್ಡ ದೀಪ ಹಾಕಿ ಇನ್ನೊಮ್ಮೆ ನೋಡಿದಳು. ಏಕಾಂತ ಸ್ಟುಡಿಯೋದ ಮುಂದಿನ ಕಟ್ಟೆ. ಕಟ್ಟೆಯಿಂದ ಬೀದಿಗಿಳಿಯುತ್ತಿರುವ ಅಪ್ಪ ಏಕಾಂತಪ್ಪ. ತಲೆಯ ಮೇಲೆ ಬಿಡಿಸಿ ಹಿಡಿದ ಕೊಡೆ. ಎಲ್ಲ ಇದ್ದ ಹಾಗೇ ಇತ್ತು. ಕೊಡೆ ಮಾತ್ರ ನೀಲಿ ಹಾಕಿ ಒಗೆದ ಪಂಚೆಯ ಬಣ್ಣಕ್ಕೆ ತಿರುಗಿತ್ತು.

ಅವರ ಮನೆಯಲ್ಲಿ ಬಿಳಿ ಕೊಡೆ ಇರಲಿಲ್ಲ. ಚಿಕ್ಕಮಗಳೂರಿನಲ್ಲಿ ಯಾರ ಮನೆಯಲ್ಲಾದರೂ ಇತ್ತೋ ಇಲ್ಲವೋ.

ಅವಳು ಹೊರಗೆ ಬಂದು ಬಾಗಿಲ ಪಕ್ಕದ ಮೊಳೆಯಿಂದ ಕೊಡೆಯನ್ನು ತೆಗೆದುಕೊಂಡು ಮತ್ತೆ ಒಳಹೊಕ್ಕಳು. ಕಪ್ಪು ಬಟ್ಟೆ, ಬಾಗಿದ ಬೆತ್ತದ ಹಿಡಿ. ಮದುವೆಮನೆಗಳಲ್ಲಿ ಅದಲುಬದಲಾಗದಿರಲಿ ಎಂದು ಅಮ್ಮ ಸಿದ್ದಗಂಗಮ್ಮ ಅಂಚಿನಲ್ಲಿ ಕೆಂಪು ದಾರದಿಂದ ‘ಏ’ ಎಂದು ಹೊಲಿದಿದ್ದರು. ಮಳೆಯಿರಲಿ ಬಿಸಿಲಿರಲಿ, ಅಪ್ಪನ ಕೈಯಲ್ಲಿ ಅದು ಇರಲೇಬೇಕು. ಅಪ್ಪನನ್ನು ಕೊಡೆ ಬಿಟ್ಟು ಕಂಡವರು ಊರಲ್ಲಿ ಕಡಿಮೆ.

ಕೊಡೆ ಕಪ್ಪು. ಫೋಟೋದಲ್ಲಿ ಬಿಳಿ. ನಾಗಶ್ರೀ ಸ್ಟೂಲು ಎಳೆದುಕೊಂಡು ಕೂತಳು.

ತಪ್ಪು ಕೊಡೆಯದ್ದಲ್ಲ, ಫಿಲ್ಮಿನದ್ದೂ ಅಲ್ಲ. ಅದು ಬೆಂಗಳೂರಿನಿಂದ ತರಿಸಿದ ಇನ್‌ಫ್ರಾರೆಡ್ ಫಿಲ್ಮು, ನಮ್ಮ ಕಣ್ಣಿಗೆ ಕಾಣದ ಬೆಳಕನ್ನು ಹಿಡಿಯುವ ಫಿಲ್ಮು. ಅದರಲ್ಲಿ ಹಸಿರೆಲೆ ಬೆಳ್ಳಗೆ ಬರುತ್ತದೆ, ನೀಲಿ ಆಕಾಶ ಕಪ್ಪಗೆ ಬರುತ್ತದೆ. ಹೋದ ಭಾನುವಾರ ಅವಳು ಬೆಳಿಗ್ಗೆಯೇ ಎದ್ದು ಬಸವನಹಳ್ಳಿ ಕೆರೆ ಏರಿ, ರತ್ನಗಿರಿ ಬೋರೆ, ಆಜಾದ್ ಪಾರ್ಕು ಎಂದು ಊರೆಲ್ಲ ಸುತ್ತಿ ಒಂದು ರೋಲು ಮುಗಿಸಿದ್ದಳು. ಮೊದಲ ಪ್ರಿಂಟು ನೋಡಿ ಅಪ್ಪ, “ಇಡೀ ಊರಿಗೆ ಸುಣ್ಣ ಹೊಡೆದುಬಿಟ್ಟಿದ್ದೀಯಲ್ಲೇ” ಎಂದು ನಕ್ಕಿದ್ದರು.

ಎಲೆಯ ವಿಷಯ ಅವಳು ಓದಿ ತಿಳಿದಿದ್ದಳು, ಆಕಾಶದ ವಿಷಯವೂ ಗೊತ್ತಿತ್ತು. ಕೆಲವು ಕಪ್ಪು ಬಣ್ಣದ ಬಟ್ಟೆಯೂ ಇದರಲ್ಲಿ ಬೆಳ್ಳಗಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಕೇಳದೇ ಬಿಟ್ಟದ್ದಕ್ಕೆ ದೇವರಾಜ ಎನ್ನುವ ಮನುಷ್ಯ ಜೈಲಿನಲ್ಲಿ ಕೂತಿದ್ದ.

ಅದೇ ಭಾನುವಾರ, ಅವಳು ಊರು ಸುತ್ತಿ ಬಂದು ಸ್ಟುಡಿಯೋದ ತಾರಸಿ ಹತ್ತಿದ ಹೊತ್ತಿನಲ್ಲೇ, ಹಿಂದಿನ ಗಲ್ಲಿಯಾಚೆ ಗಂಗಾಧರಪ್ಪನವರ ಕಾಫಿ ಗೋಡೌನಿನ ಮಹಡಿಯಲ್ಲಿ ವಾಚ್‌ಮನ್ ಶಿವಯ್ಯ ತಲೆಯೊಡೆದು ಬಿದ್ದಿದ್ದ. ಕತ್ತಿನ ಮೇಲೆ ಬೆರಳಿನ ಗುರುತು. ಆರು ದಿನವಾದರೂ ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರ ಬಂದಿರಲಿಲ್ಲ.

ಅವಳ ರೋಲಿನ ಹತ್ತೊಂಬತ್ತನೇ ಫೋಟೋದಲ್ಲಿ ಆ ಗೋಡೌನಿನ ಹಿಂಬದಿಯ ಕಬ್ಬಿಣದ ಮೆಟ್ಟಿಲಿತ್ತು. ಮೆಟ್ಟಿಲು ಇಳಿಯುತ್ತಿರುವ ಒಬ್ಬ ಮನುಷ್ಯನೂ ಇದ್ದ.

ಅವಳಿಗೆ ಬೇಕಾಗಿದ್ದದ್ದು ಮೆಟ್ಟಿಲ ಪಕ್ಕದ ಮಾವಿನ ಮರ. ಅದಕ್ಕಾಗಿ ತಾನೇ ಮಾಡಿದ ಲೆನ್ಸು ಹಾಕಿದ್ದಳು. ಫೋಟೋ ಹಿಗ್ಗಿಸುವ ಹಳೇ ಎನ್‌ಲಾರ್ಜರಿನ ಗಾಜನ್ನು ಜೀಪಿನ ಗೇರು ಕಡ್ಡಿಯ ರಬ್ಬರ್ ಕವಚಕ್ಕೆ ಸಿಕ್ಕಿಸಿ ಮಾಡಿದ ಲೆನ್ಸು. ಬೆರಳಿನಲ್ಲಿ ರಬ್ಬರನ್ನು ಬಾಗಿಸಿದರೆ ಅಂಗೈಯಗಲ ಜಾಗ ಮಾತ್ರ ಸ್ಪಷ್ಟವಾಗಿ ನಿಲ್ಲುತ್ತದೆ, ಉಳಿದದ್ದೆಲ್ಲ ಕಲಸಿಹೋಗುತ್ತದೆ. ಆದರೆ ಕಾಣದ ಬೆಳಕು ಕಣ್ಣಳತೆಗೆ ಸಿಕ್ಕುವುದಿಲ್ಲವಲ್ಲ. ಅವಳು ಮರಕ್ಕೆ ಬಾಗಿಸಿದರೆ ಸ್ಪಷ್ಟತೆ ಹೋಗಿ ಮೆಟ್ಟಿಲಿನ ಬುಡದಲ್ಲಿ ಬಿದ್ದಿತ್ತು. ಮರ ಮಸುಕು, ಮನುಷ್ಯನ ಮುಖ ಮಸುಕು. ಬಿಳಿ ಅಂಗಿ, ಬಿಳಿ ಪಂಚೆ, ಕೈಯಲ್ಲಿ ತೂಗುಬಿದ್ದ ಒಂದು ಬಿಳಿ ಸುರುಳಿ.

ಆ ಫೋಟೋವನ್ನು ಮೊದಲು ನೋಡಿದವರು ಅಪ್ಪ. ಕನ್ನಡಕ ಏರಿಸಿ, ಹತ್ತಿರ ಹಿಡಿದು, ಇದು ಮೂಡಿಗೆರೆ ಕಡೆಯ ರೈಟರ್ ದೇವರಾಜನಲ್ಲವೇ ಎಂದಿದ್ದರು. ಇನ್‌ಸ್ಪೆಕ್ಟರ್ ಓಂಕಾರಪ್ಪನವರಿಗೂ ಹಾಗೇ ಕಂಡಿತು. ಕಾಣದೆ ಏನು? ಎಸ್ಟೇಟಿನ ಲೆಕ್ಕ ಬರೆಯುವ ದೇವರಾಜ ಸದಾ ಬಿಳಿ ಮೇಲೆ ಬಿಳಿ. ವಾರವಾರ ಪಾರ್ಚ್‌ಮೆಂಟ್ ಕಾಫಿಯ, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜದ, ಸ್ಯಾಂಪಲ್ಲನ್ನು ಪೇಪರಿನಲ್ಲಿ ಸುರುಳಿ ಸುತ್ತಿ ಗೋಡೌನಿಗೆ ತರುತ್ತಿದ್ದ. ಹಿಂದಿನ ವಾರವಷ್ಟೇ ಸ್ಯಾಂಪಲ್ ಅದಲುಬದಲಾಯಿತೆಂದು ಶಿವಯ್ಯನ ಜೊತೆ ಜಗಳವಾಡಿದ್ದ. ಭಾನುವಾರ ಎಲ್ಲಿದ್ದೆಯಪ್ಪ ಎಂದರೆ, ಗೋಣಿಬೀಡಿನ ಹತ್ತಿರ ಜೀಪು ಕೆಟ್ಟು ಒಬ್ಬನೇ ಕೂತಿದ್ದೆ ಎಂದ. ನೋಡಿದವರು ಯಾರೂ ಇಲ್ಲ.

ಫೋಟೋ ಕೊಟ್ಟು ಬಂದ ದಿನ ನಾಗಶ್ರೀಗೆ ಹೆಮ್ಮೆಯಾಗಿತ್ತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಇಪ್ಪತ್ತೆಂಟು ವರ್ಷದ ಹೆಣ್ಣುಮಗಳು ತೆಗೆದ ಫೋಟೋ ಪೊಲೀಸರಿಗೆ ದಾರಿ ತೋರಿಸಿತು ಎಂದು ಬೀದಿಯವರೆಲ್ಲ ಹೊಗಳಿದಾಗ ಅವಳು ಉಬ್ಬಿಹೋಗಿದ್ದಳು. ಉಳಿದ ಫೋಟೋಗಳ ಪ್ರಿಂಟು ಹಾಕಲು ಇವತ್ತಿನವರೆಗೂ ಪುರುಸೊತ್ತು ಮಾಡಿಕೊಂಡಿರಲಿಲ್ಲ. ಏಳನೆಯದು, ಅವಳು ಊರು ಸುತ್ತಿ ಬಂದ ಹೊತ್ತಿಗೆ ಅಪ್ಪ ಕೊಡೆ ಹಿಡಿದು ಹೊರಟದ್ದು. ಇಪ್ಪತ್ತೆರಡನೆಯದು, ಅಪ್ಪ ತಲೆಗೆ ಟವೆಲ್ ಹೊದ್ದು ಬಿಸಿಲಲ್ಲಿ ವಾಪಸು ಬರುತ್ತಿರುವುದು. ನಡುವೆ ಮರಗಳು, ತೆಂಗಿನ ಗರಿಗಳು, ಹೆಂಚುಗಳು.

ಡಾರ್ಕ್‌ರೂಮಿನ ಹೊರಗೆ, ಸ್ಟುಡಿಯೋದ ಮುಂಗೋಣೆಯ ಬೆಂಚಿನ ಮೇಲೆ ದೇವರಾಜನ ತಾಯಿ ನಂಜಮ್ಮ ಇವತ್ತೂ ಬಂದು ಕೂತಿದ್ದರು. ನಾಲ್ಕು ದಿನದಿಂದ ಮೂಡಿಗೆರೆಯ ಬಸ್ಸಿನಲ್ಲಿ ಬರುತ್ತಾರೆ, ಸಂಜೆ ಐದೂವರೆಯ ಬಸ್ಸಿಗೆ ಹೋಗುತ್ತಾರೆ. ಬೈಯುವುದಿಲ್ಲ, ಅಳುವುದಿಲ್ಲ. ಆ ಫೋಟೋ ಒಂದ್ಸಲ ತೋರಿಸವ್ವ ಎಂದು ಮಾತ್ರ ಕೇಳುತ್ತಾರೆ. ಪೊಲೀಸರು ಯಾರಿಗೂ ತೋರಿಸಬೇಡ ಎಂದಿದ್ದರಿಂದ ಅವಳು ತೋರಿಸಿರಲಿಲ್ಲ.

ಇವತ್ತು ತನ್ನ ಹತ್ತಿರ ಉಳಿದಿದ್ದ ಪ್ರತಿಯನ್ನು ತಂದು ಅವರ ಕೈಗೆ ಕೊಟ್ಟಳು.

ನಂಜಮ್ಮ ಅದನ್ನು ತೋಳಿನಷ್ಟು ದೂರ ಹಿಡಿದು ನೋಡಿದರು. “ಇವನು ಯಾರೋ ಏನೋ. ನನ್ನ ಮಗ ಅಲ್ಲ ಕಣವ್ವ.”

“ಮುಖವೇ ಕಾಣಲ್ವಲ್ಲಮ್ಮ. ಹೇಗೆ ಹೇಳ್ತೀರಿ?”

“ಮುಖ ಯಾಕೆ? ಕಾಲು ಕಾಣುತ್ತಲ್ಲ, ಬರಿಗಾಲು. ತೋಟದಲ್ಲಿ ಹಾವು ಕಚ್ಚಿದ ಮೇಲೆ ದೇವರಾಜ ಚಪ್ಪಲಿ ಇಲ್ದೆ ಅಂಗಳಕ್ಕೂ ಇಳಿಯೋನಲ್ಲ. ಪೊಲೀಸ್ನೋರಿಗೂ ಹೇಳ್ದೆ. ಹೆತ್ತೋಳು ಇನ್ನೇನು ಹೇಳ್ತಾಳೆ ಅಂದ್ರು.”

ನಾಗಶ್ರೀ ಫೋಟೋವನ್ನು ಕಿತ್ತುಕೊಂಡ ಹಾಗೆ ವಾಪಸು ತೆಗೆದುಕೊಂಡಳು. ಇಡೀ ಚಿತ್ರದಲ್ಲಿ ಸ್ಪಷ್ಟವಾಗಿದ್ದದ್ದು ಅದೊಂದೇ ಜಾಗ. ಮೆಟ್ಟಿಲಿನ ಬುಡ, ಎರಡು ಬರಿಗಾಲು, ಎತ್ತಿದ ಒಂದು ಒಡೆದ ಹಿಮ್ಮಡಿ. ಐದು ದಿನದಿಂದ ಅಪ್ಪ, ಅವಳು, ಇನ್‌ಸ್ಪೆಕ್ಟರು, ಎಲ್ಲರೂ ಸೇರಿ ಮಸುಕಾದ ಮುಖವನ್ನೇ ದಿಟ್ಟಿಸಿದ್ದರು. ಕೆಳಗೆ ಕಣ್ಣು ಹಾಯಿಸಲು ಒಬ್ಬ ತಾಯಿ ಬರಬೇಕಾಯಿತು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಕೊಡೆಯ ಹಾಗೆ ಫೋಟೋದಲ್ಲಿ ಬೆಳ್ಳಗಾದ ಕಪ್ಪು ಬಟ್ಟೆ, ಬರಿಗಾಲು, ತೊಂಬತ್ತೆಂಟರ ಡಿಸೆಂಬರ್ ತಿಂಗಳು. ಯಾರು ಎಂದು ಊರಿನ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ: ಶಬರಿಮಲೆಗೆ ಹೋಗಲು ಮಾಲೆ ಹಾಕಿದ ಅಯ್ಯಪ್ಪ ಸ್ವಾಮಿಗಳು.

ಅಂಥವರ ಒಂದು ತಂಡದ ಚಪ್ಪರ ಆ ಗೋಡೌನಿನ ಹಿತ್ತಲಲ್ಲೇ ಇತ್ತು. ಗೋಡೌನಿನ ಮಾಲೀಕರಾದ ಗಂಗಾಧರಪ್ಪನವರೇ ಗುರುಸ್ವಾಮಿ, ಅವರೊಡನೆ ಎಂಟು ಜನ. ಪೊಲೀಸರು ಅಲ್ಲಿಗೂ ಹೋಗಿದ್ದರು. ಕೈಮುಗಿದು, ಪ್ರಸಾದ ತಿಂದು ಬಂದಿದ್ದರು. ವ್ರತದಲ್ಲಿರುವವರನ್ನು ಭಾನುವಾರ ಎಲ್ಲಿದ್ದಿರಿ ಸ್ವಾಮಿ ಎಂದು ಕೇಳುವ ಬಾಯಿ ಯಾರಿಗಿದೆ?

ಆ ಒಂಬತ್ತು ಜನವೂ ಇವತ್ತು ಸಂಜೆ ಆರಕ್ಕೆ ವ್ಯಾನು ಹತ್ತುವವರಿದ್ದರು. ಹೊರಡುವ ಮೊದಲು ತಂಡದ ಫೋಟೋ ತೆಗೆಸುವುದು ರೂಢಿ, ಎರಡೂವರೆಗೆ ಬಾ ಎಂದು ನಾಗಶ್ರೀಗೆ ಹೇಳಿ ಕಳಿಸಿದ್ದರು. ಅವಳ ಬಳಿ ಇನ್‌ಫ್ರಾರೆಡ್ ಫಿಲ್ಮು ಇನ್ನೊಂದು ರೋಲು ಉಳಿದಿತ್ತು.

ಒಂಬತ್ತು ಜನರಲ್ಲಿ ಒಬ್ಬ ಅವಳ ತಮ್ಮ ಶಶಿಕಿರಣ್. ಆ ಯೋಚನೆಯನ್ನು ಅವಳು ಅಟ್ಟದ ಮೂಲೆಗೆ ತಳ್ಳುವ ಪಾತ್ರೆಯ ಹಾಗೆ ಹಿಂದಕ್ಕೆ ತಳ್ಳಿದಳು. ಪೂರ್ತಿ ಕತ್ತಲೆಯಲ್ಲಿ ತಡಕಾಡುತ್ತ ಎರಡನೇ ಕ್ಯಾಮೆರಾಕ್ಕೆ ಫಿಲ್ಮು ತುಂಬಿದಳು. ಎರಡು ಸಲ ಅದು ಕ್ಯಾಮೆರಾದ ಹಲ್ಲಿಗೆ ಸಿಕ್ಕದೆ ಜಾರಿತು.

ಹಿತ್ತಲಲ್ಲಿ ಬಿಸಿಲು ಚೆನ್ನಾಗಿತ್ತು. ಒಂಬತ್ತು ಕಪ್ಪು ಪಂಚೆ, ಒಂಬತ್ತು ಕಪ್ಪು ಅಂಗಿ, ಬೆಳೆದ ಗಡ್ಡಗಳು. ಅವಳು ಎತ್ತರ ನೋಡಿ ನಿಲ್ಲಿಸಿದಳು. ತಮ್ಮ ಎಡಗಡೆಯ ತುದಿಯಲ್ಲಿ ನಿಂತ. ಮೊದಲು ಮಾಮೂಲಿ ಫಿಲ್ಮಿನಲ್ಲಿ ತೆಗೆದಳು. ಆಮೇಲೆ ಇನ್ನೊಂದು ಕ್ಯಾಮೆರಾ ಎತ್ತಿ, ಲೆನ್ಸಿನ ಮುಂದೆ ಕಡುಗೆಂಪು ಫಿಲ್ಟರ್ ತಿರುಗಿಸಿದಳು. ಎರಡೆರಡು ಯಾಕಮ್ಮ ಎಂದು ಯಾರೋ ಕೇಳಿದ್ದಕ್ಕೆ ಒಂದು ಕೆಟ್ಟರೆ ಇನ್ನೊಂದಿರಲಿ ಎಂದಳು.

ಬಟ್ಟೆ ತುಂಬ ಚೆನ್ನಾಗಿದೆ ಸ್ವಾಮಿ, ಎಲ್ಲಿ ತಂದಿರಿ ಎಂದು ಸುಮ್ಮನೆ ಮಾತಿಗೆ ಕೇಳಿದ ಹಾಗೆ ಕೇಳಿದಳು.

ಗಂಗಾಧರಪ್ಪ ನಕ್ಕರು. “ನಮ್ಮ ಎಂಟು ಜನದ್ದೂ ಒಂದೇ ಥಾನಿನ ಬಟ್ಟೆ. ನಿಮ್ಮ ತಮ್ಮ ಕನ್ನಿಸ್ವಾಮಿ, ಮೊದಲ ವರ್ಷ ನೋಡಿ, ಕೊನೇಲಿ ಬಂದು ಸೇರಿದ್ರು. ಅಷ್ಟರಲ್ಲಿ ಥಾನು ಮುಗಿದಿತ್ತು. ಅವರ ಬಟ್ಟೆ ನೀವೇ ಕೊಡಿಸಿದ್ದಂತಲ್ಲ?”

ಹೌದು, ಅವಳೇ ಕೊಡಿಸಿದ್ದು. ಅಮ್ಮ ಹೇಳಿದ್ದರಿಂದ ಮಾರ್ಕೆಟ್ ರಸ್ತೆಯ ಅಂಗಡಿಗೆ ಹೋಗಿ, ನಾಲ್ಕು ಬಗೆಯ ಕಪ್ಪು ತೆಗೆಸಿ, ಮೃದುವಾಗಿದೆ ಎಂದು ಒಂದನ್ನು ಆರಿಸಿದ್ದಳು.

ಸ್ಟುಡಿಯೋಗೆ ಅವಳು ನಡೆದು ಬರಲಿಲ್ಲ, ಓಡಿಬಂದಳು. ಎಂಟೂ ಬೆಳ್ಳಗಾಗಲಿ, ಒಂಬತ್ತೂ ಬೆಳ್ಳಗಾಗಲಿ, ಒಂದೂ ಆಗದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು. ಡೆವಲಪರ್ ಡಬ್ಬಿಯನ್ನು ಅಲುಗಾಡಿಸುತ್ತ ಹನ್ನೊಂದು ನಿಮಿಷ ನಿಂತಿರಬೇಕು. ಆ ಹನ್ನೊಂದು ನಿಮಿಷದಲ್ಲಿ ಅವಳು ಗಡಿಯಾರವನ್ನು ನೂರು ಸಲ ನೋಡಿರಬೇಕು.

ಫಿಲ್ಮು ಒಣಗುವವರೆಗೂ ಕಾಯುವ ತಾಳ್ಮೆ ಇರಲಿಲ್ಲ. ಒದ್ದೆಯಿದ್ದಂತೆಯೇ ಎನ್‌ಲಾರ್ಜರಿಗೆ ಹಾಕಿ ಕಾಗದದ ಮೇಲೆ ಬೆಳಕು ಬಿಟ್ಟಳು. ತಟ್ಟೆಯಲ್ಲಿ ಮೊದಲು ಮೂಡಿದ್ದು ಗಡ್ಡಗಳು. ಆಮೇಲೆ ಅಂಗಿಗಳು, ಒಂದೊಂದಾಗಿ ಕಪ್ಪಾದವು. ಒಂದು, ಎರಡು, ಐದು, ಎಂಟು.

ಎಡತುದಿಯಲ್ಲಿ ನಿಂತವನ ಬಟ್ಟೆ ಕಪ್ಪಾಗಲೇ ಇಲ್ಲ. ಹಸೆಮಣೆಗೆ ಹೊರಟ ಮದುಮಗನ ಹಾಗೆ ಶಶಿಕಿರಣ್ ಬೆಳ್ಳಗೆ ನಿಂತಿದ್ದ.

ಅವಳಿಗೆ ಅಳು ಬರಲಿಲ್ಲ, ಭಯವಾಯಿತು. ಈ ಪ್ರಿಂಟನ್ನು ಅವಳ ಹೊರತು ಯಾರೂ ನೋಡಿಲ್ಲ. ನೆಗೆಟಿವ್ ಬೆರಳಿನಷ್ಟು ಉದ್ದದ ಚೂರು, ಒಂದು ಬೆಂಕಿಕಡ್ಡಿ ಸಾಕು. ಸುಟ್ಟರೆ ಆರು ಗಂಟೆಗೆ ತಮ್ಮ ವ್ಯಾನು ಹತ್ತುತ್ತಾನೆ. ಐದೂವರೆಗೆ ನಂಜಮ್ಮ ಬಸ್ಸು ಹತ್ತುತ್ತಾರೆ. ಸೋಮವಾರ ಮತ್ತೆ ಬಂದು ಬೆಂಚಿನ ಮೇಲೆ ಕೂರುತ್ತಾರೆ. ಎಷ್ಟು ಸೋಮವಾರ ಎಂದು ಯೋಚಿಸಿ ಅವಳು ಬೆಂಕಿಪೊಟ್ಟಣವನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ.

ಡಾರ್ಕ್‌ರೂಮಿನ ಬಾಗಿಲು ಬಡಿದ ಸದ್ದಾಯಿತು. ಹೊರಡುವ ಮುಂಚೆ ಮನೆಯವರಿಗೆ ಹೇಳಿ ಹೋಗಲು ಶಶಿಕಿರಣ್ ಬಂದಿದ್ದ. ಸ್ಟುಡಿಯೋದ ಮೇಲಿನ ಮನೆಯಲ್ಲಿ ಅಮ್ಮ ಆಗಲೇ ಅವನ ಕಾಲಿಗೆ ನಮಸ್ಕರಿಸಿ ಆಗಿತ್ತು. ಮಾಲೆ ಹಾಕಿದವನು ಮಗನಾದರೂ ಸ್ವಾಮಿಯೇ.

ನಾಗಶ್ರೀ ಅವನನ್ನು ಒಳಗೆ ಬಿಟ್ಟು ಬಾಗಿಲು ಹಾಕಿದಳು. ರೂಢಿಯಂತೆ ಬಗ್ಗಿ ಅವನ ಪಾದ ಮುಟ್ಟಿದಳು. ಹೊಲಗದ್ದೆ ಕಾಣದ ಕಾಲು, ನಲವತ್ತು ದಿನಕ್ಕೆ ಹಿಮ್ಮಡಿ ಒಡೆದಿತ್ತು. ಅದನ್ನು ಎಲ್ಲಿ ನೋಡಿದ್ದೇನೆ ಎಂದು ಕೇಳಿಕೊಳ್ಳಬೇಕಾದ್ದೇ ಇರಲಿಲ್ಲ. ಅವಳು ಎದ್ದು ಎರಡೂ ಫೋಟೋಗಳನ್ನು ಅವನ ಮುಂದೆ ಹಿಡಿದಳು.

“ಸ್ವಾಮಿ, ಒಂದು ಮಾತು ಕೇಳ್ತೀನಿ. ಮಾಲೆ ಮುಟ್ಟಿ ಹೇಳ್ಬೇಕು. ಈ ಮೆಟ್ಟಿಲು ಇಳೀತಿರೋದು ನೀವಾ?”

ಅವನು ಫೋಟೋ ನೋಡಿದ, ಅಕ್ಕನನ್ನು ನೋಡಿದ. ಕೈ ತಾನಾಗಿಯೇ ಕೊರಳಿನ ತುಳಸಿಮಣಿಗೆ ಹೋಯಿತು.

“ನಾನೇ.”

“ಶಶಿ!” ಸ್ವಾಮಿ ಹೋಗಿ ತಮ್ಮ ಉಳಿದ. “ಶಿವಯ್ಯನ್ನ ತಳ್ಳಿದ್ದೂ ನೀನೇನಾ?”

“ಇಲ್ಲ. ಅಡುಗೆಗೆ ನೀರು ಬೇಕಿತ್ತು, ಪಂಪಿನ ಬೀಗದ ಕೈ ಕೇಳೋಣ ಅಂತ ಹತ್ತಿದೆ. ನಾನು ಹೋದಾಗಲೇ ಅವನು ಬಿದ್ದಿದ್ದ. ಕೆಳಗಿಳಿದು ಬಂದು, ಮೇಲೆ ಒಂದ್ಸಲ ಹೋಗಿ ನೋಡಿ ಅಂತ ಗುರುಸ್ವಾಮಿನ ಕಳಿಸಿದ್ದೂ ನಾನೇ.”

“ಹಾಗಿದ್ರೆ ಯಾಕೆ ಸುಮ್ಮನಿದ್ದೆ? ಐದು ದಿನದಿಂದ ಒಬ್ಬ ಮನುಷ್ಯ ಒಳಗೆ ಕೊಳೀತಿದ್ದಾನೆ. ಅವನ ತಾಯಿ ಹೊರಗೆ ಕೂತಿದ್ದಾರೆ, ನೋಡಿಕೊಂಡೇ ಒಳಗೆ ಬಂದೆಯಲ್ಲ.”

“ಮಾಲೆ ಹಾಕ್ಕೊಂಡು ಸುಳ್ಳು ಹೇಳೋ ಹಾಗಿಲ್ಲ. ಯಾರಾದ್ರೂ ಕೇಳಿದ್ರೆ ನಿಜ ಹೇಳ್ಬೇಕಾಗಿತ್ತು. ಪುಣ್ಯಕ್ಕೆ ಯಾರೂ ಕೇಳ್ಲಿಲ್ಲ.” ಅವನು ಮಾಲೆಯನ್ನು ಮುಷ್ಟಿಯಲ್ಲಿ ಹಿಡಿದ. “ಇವತ್ತು ಶಿವಯ್ಯನಿಗೆ ಎಚ್ಚರ ಆಗುತ್ತೆ, ನಾಳೆ ಆಗುತ್ತೆ, ಅವನೇ ಹೇಳ್ಲಿ ಅಂತ ಕಾದೆ. ನನ್ನ ಬಾಯಿಂದ ಬೇಡ ಅಂತ.”

“ಏನು ನಿನ್ನ ಬಾಯಿಂದ ಬೇಡ?”

ಶಶಿಕಿರಣ್ ಹತ್ತೊಂಬತ್ತನೇ ಫೋಟೋವನ್ನು ದೀಪದ ಕೆಳಗೆ ಸರಿಸಿದ. “ನನ್ನ ಕೈಲಿ ಇರೋದು ಏನು ಅಂದ್ರು ಪೊಲೀಸರು?”

“ಪೇಪರ್ ಸುರುಳಿ. ಕಾಫಿ ಸ್ಯಾಂಪಲ್ಲು.”

ಅವನು ಆ ಬಿಳಿ ಸುರುಳಿಯ ಕೆಳತುದಿಯಲ್ಲಿ ಬೆರಳಿಟ್ಟ. ಅದು ಮೊಣಕಾಲಿನ ಕೆಳಗೆ, ಸ್ಪಷ್ಟವಾದ ಜಾಗದ ಅಂಚಿಗೆ ಬಂದು ಮುಟ್ಟಿತ್ತು. ಅಲ್ಲೊಂದು ಕೊಕ್ಕೆಯಂಥ ಬಾಗು. ಮೆಟ್ಟಿಲಿನ ಕಂಬಿಯೆಂದು ಎಲ್ಲರೂ ಬಿಟ್ಟಿದ್ದ ಬಾಗು.

“ಪೇಪರಿಗೆ ಹಿಡಿ ಇರುತ್ತಾ ಅಕ್ಕ?”

ವ್ರತ ಹಿಡಿದ ಮೇಲೆ ಅವನು ಎಲ್ಲ ಹೆಂಗಸರನ್ನೂ ಅಮ್ಮ ಎನ್ನುತ್ತಿದ್ದ, ಅವಳನ್ನೂ. ನಲವತ್ತು ದಿನದಲ್ಲಿ ಅಕ್ಕ ಎಂದದ್ದು ಇದೇ ಮೊದಲು. ನಾಗಶ್ರೀ ಮೇಜಿನ ಕಡೆ ನೋಡಿದಳು. ಬೆಳಿಗ್ಗೆ ತಾನೇ ತಂದು ಇಟ್ಟ ಕೊಡೆ ಅಲ್ಲಿ ಮಲಗಿತ್ತು.

“ಶಿವಯ್ಯನ ಪಕ್ಕ ಬಿದ್ದಿತ್ತು,” ಎಂದ ಅವನು. “ಕೆಂಪು ದಾರ ನೋಡಿದ ಮೇಲೆ ಅಲ್ಲೇ ಬಿಟ್ಟು ಬರೋಕೆ ಕೈ ಬರ್ಲಿಲ್ಲ, ಸಿಕ್ಕ ಹಾಗೆ ತಲೆಕೆಳಗಾಗಿ ಹಿಡ್ಕೊಂಡು ಇಳಿದೆ. ಅವತ್ತೇ ಮಧ್ಯಾಹ್ನ ತಂದು ಮೊಳೆಗೆ ಹಾಕ್ದೆ. ಅಪ್ಪ ಕುರ್ಚೀಲಿ ಕೂತು ನೋಡ್ತಾನೇ ಇದ್ರು. ಒಂದು ಮಾತು ಕೇಳ್ಲಿಲ್ಲ.”

ಏಳನೇ ಫೋಟೋದಲ್ಲಿ ಕೊಡೆ ಇತ್ತು. ಇಪ್ಪತ್ತೆರಡರಲ್ಲಿ ತಲೆಯ ಮೇಲೆ ಟವೆಲ್ ಇತ್ತು. ಎರಡೂ ಅವಳ ಕಣ್ಣೆದುರೇ ದಾರಕ್ಕೆ ನೇತುಬಿದ್ದು ಒಣಗುತ್ತಿದ್ದವು. ಇದು ದೇವರಾಜನಲ್ಲವೇ ಎಂದು ಮೊದಲು ಹೆಸರು ಹೇಳಿದವರು ಯಾರೆಂಬುದೂ ಅವಳಿಗೆ ನೆನಪಾಯಿತು.

ಹೊರಗೆ ಅಪ್ಪನ ಹೆಜ್ಜೆ ಸದ್ದು. ನಂಜಮ್ಮನವರ ಜೊತೆ ಏನೋ ಮಾತು. ಆಮೇಲೆ ಬಾಗಿಲಿನ ಹತ್ತಿರ ಆ ಸೌಮ್ಯವಾದ ದನಿ.

“ನಾಗೂ, ಇವರನ್ನ ಬಸ್ ಹತ್ತಿಸಿ ಬರ್ತೀನಿ, ಪಾಪ ಒಬ್ರೇ ಇದ್ದಾರೆ. ಮೊಳೆ ಮೇಲೆ ನನ್ನ ಕೊಡೆ ಇಲ್ವಲ್ಲಮ್ಮ?”

ಶಶಿಕಿರಣ್ ಬೇಡ ಎನ್ನುವಂತೆ ತಲೆಯಾಡಿಸಿದ. ನಾಗಶ್ರೀ ಒಂದು ಕೈಯಲ್ಲಿ ಕೊಡೆ ತೆಗೆದುಕೊಂಡಳು, ಇನ್ನೊಂದರಲ್ಲಿ ಹತ್ತೊಂಬತ್ತನೇ ಫೋಟೋ. ಮೊಣಕೈಯಿಂದ ಚಿಲಕ ಸರಿಸಿ ಬಾಗಿಲು ತೆರೆದಳು.

“ಇಲ್ಲಿದೆ ಅಪ್ಪ.”

ಏಕಾಂತಪ್ಪ ಕೊಡೆಗೆ ಕೈ ಚಾಚಲಿಲ್ಲ. ಮಗಳ ಕೈಯಲ್ಲಿದ್ದ ಫೋಟೋವನ್ನು ನೋಡಿದರು, ಅವಳ ಹಿಂದೆ ತಲೆತಗ್ಗಿಸಿ ನಿಂತಿದ್ದ ಮಗನನ್ನು ನೋಡಿದರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಚೀಲ ಹಿಡಿದು ಎದ್ದು ನಿಂತಿದ್ದ ನಂಜಮ್ಮನವರ ಕಡೆ ತಿರುಗಿದರು.

“ನೀವು ಕೂತ್ಕೊಳ್ಳಿ ನಂಜಮ್ಮನೋರೇ, ನಿಮಗೊಂದು ಮಾತು ಹೇಳ್ಬೇಕು. ಇವತ್ತಿನ ಬಸ್ಸು ಹೋದ್ರೆ ಹೋಗ್ಲಿ.”

ಹಾಗೆಂದವರೇ ನಿಧಾನವಾಗಿ ನಡೆದು ಹೋಗಿ, ಸ್ಟುಡಿಯೋದ ಬೀದಿ ಬಾಗಿಲನ್ನು ಮುಚ್ಚಿ, ಒಳಗಿನಿಂದ ಅಗುಳಿ ಹಾಕಿದರು.